ಮೆಣಸಿನ ಬಳ್ಳಿಯ ವೈರಸ್ಸು ಹುಡುಕಿದ ಬಗೆ: ಒಂದು ಪರೀಕ್ಷೆ, ಒಂದು ನೋಟ್‌ಬುಕ್

ಕೊಡಗಿನ ಸಿದ್ದಾಪುರದ ಸಮೀಪ ನಮ್ಮದೊಂದು ರೊಬಸ್ಟಾ ಕಾಫಿ ತೋಟವಿದೆ. ಸಿಲ್ವರ್ ಓಕ್ ಮತ್ತು ಹಾಲುವಾಣ ಮರಗಳಿಗೆ ಹಬ್ಬಿಸಿದ ಕರಿಮೆಣಸು ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ನಮ್ಮ ಮನೆಯ ಖರ್ಚನ್ನು ತೂಗಿಸಿದೆ. ಬಯೋಟೆಕ್ನಾಲಜಿ ಓದಿ, ಬೆಂಗಳೂರಿನ ರೋಗಪತ್ತೆ ಪ್ರಯೋಗಾಲಯವೊಂದರಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದ ನಾನು, ಮೊದಲ ವರ್ಷವೇ ಸುಮಾರು ಸಾವಿರದ ಇನ್ನೂರು ಚೀಲಗಳಲ್ಲಿ ಮೆಣಸಿನ ಸಸಿ ಬೆಳೆಸಿದೆ. ಮೇ ತಿಂಗಳ ಹೊತ್ತಿಗೆ ಅವುಗಳಲ್ಲಿ ಕೆಲವು ಸಾಲುಗಳ ಎಲೆಗಳು ಸಣ್ಣದಾಗಿ, ಹಳದಿ ಮಚ್ಚೆ ಹೊತ್ತು, ಅಂಚು ಸುರುಟಿಕೊಂಡು ಬರತೊಡಗಿದವು. ಸತುವಿನ ಕೊರತೆ ಎಂದು ಒಬ್ಬರು ಹೇಳಿದರು, ನೆರಳು ಹೆಚ್ಚಾಯಿತು ಎಂದು ಇನ್ನೊಬ್ಬರು. ಎರಡಕ್ಕೂ ಮದ್ದು ಮಾಡಿದೆ. ಎಲೆ ಮಾತ್ರ ಹಾಗೆಯೇ ಇತ್ತು.

ಕರಿಮೆಣಸಿನ ಬಳ್ಳಿಯನ್ನು ಕುಂಠಿತಗೊಳಿಸುವ ರೋಗದ ಹಿಂದೆ ಮುಖ್ಯವಾಗಿ ಎರಡು ವೈರಸ್ಸುಗಳಿವೆ: ಪೈಪರ್ ಯೆಲ್ಲೋ ಮಾಟಲ್ ವೈರಸ್ ಮತ್ತು ಕುಕುಂಬರ್ ಮೊಸಾಯಿಕ್ ವೈರಸ್. ಮೊದಲನೆಯದನ್ನು ಹಿಟ್ಟು ತಿಗಣೆ ಹರಡಿದರೆ ಎರಡನೆಯದನ್ನು ಸಸ್ಯಹೇನು ಹರಡುತ್ತದೆ. ಆದರೆ ಇವೆರಡಕ್ಕಿಂತಲೂ ಚುರುಕಾಗಿ ಹರಡುವವರು ನಾವೇ. ಮೆಣಸನ್ನು ನಾವು ಬೀಜದಿಂದ ಬೆಳೆಸುವುದಿಲ್ಲ, ತಾಯಿಬಳ್ಳಿಯ ಬುಡದಿಂದ ಹೊರಡುವ ಹಬ್ಬುಬಳ್ಳಿಯನ್ನು ಕತ್ತರಿಸಿ ಚೀಲಕ್ಕೆ ಊರುತ್ತೇವೆ. ತಾಯಿಯಲ್ಲಿ ವೈರಸ್ ಇದ್ದರೆ ಸಸಿಗೂ ಅದು ಬಂದೇ ಬರುತ್ತದೆ. ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸವಾದ ನಮಗೆ, ಹೊಡೆಯಲು ಮದ್ದೇ ಇಲ್ಲದ ರೋಗವೊಂದಿದೆ ಎಂದು ಒಪ್ಪಿಕೊಳ್ಳುವುದು ಕಷ್ಟ. ಇಲ್ಲಿ ಉಳಿಯುವ ದಾರಿ ಒಂದೇ: ವೈರಸ್ ಇಲ್ಲದ ತಾಯಿಬಳ್ಳಿಯನ್ನು ಗುರುತಿಸಿ, ಅದರಿಂದ ಮಾತ್ರ ಸಸಿ ಮಾಡುವುದು. ಸೋಂಕಿದ್ದೂ ಎಲೆ ಹಸಿರಾಗಿಯೇ ಇರುವ ಬಳ್ಳಿಗಳಿರುವುದರಿಂದ ಕಣ್ಣನ್ನು ನಂಬುವಂತಿಲ್ಲ.

ವೈರಸ್ಸಿನ ಡಿ.ಎನ್.ಎ.ಯನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪಿ.ಸಿ.ಆರ್. ಯಂತ್ರ ಕೊಳ್ಳುವ ಶಕ್ತಿ ನನಗಿರಲಿಲ್ಲ. 1983ರಲ್ಲಿ ಕ್ಯಾರಿ ಮಲ್ಲಿಸ್ ಕಂಡುಕೊಂಡ ಆ ವಿಧಾನದಲ್ಲಿ ಕೊಳವೆಯನ್ನು ಮತ್ತೆ ಮತ್ತೆ ಬಿಸಿ ಮಾಡಿ ತಣಿಸಬೇಕು. ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ತಡೆಯಿಲ್ಲದ ವಿದ್ಯುತ್ ಬೇಕು. ನಮ್ಮಲ್ಲಿ ಮಳೆಗಾಲದ ವಿದ್ಯುತ್ತಿನ ಕಥೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ 2000ನೇ ಇಸವಿಯಲ್ಲಿ ಜಪಾನಿನ ತ್ಸುಗುನೋರಿ ನೊಟೊಮಿ ಮತ್ತು ಸಂಗಡಿಗರು ಪ್ರಕಟಿಸಿದ, ಒಂದೇ ಉಷ್ಣತೆಯಲ್ಲಿ ಡಿ.ಎನ್.ಎ. ನಕಲು ಮಾಡುವ ಲ್ಯಾಂಪ್ (LAMP) ವಿಧಾನವನ್ನು ಆರಿಸಿಕೊಂಡೆ. ಅದರಲ್ಲಿ ಬಳಸುವ ಬಿ.ಎಸ್.ಟಿ. ಪಾಲಿಮರೇಸ್ ಎಂಬ ಕಿಣ್ವ ಡಿ.ಎನ್.ಎ.ಯ ಎರಡು ಎಳೆಗಳನ್ನು ತಾನೇ ಬಿಡಿಸಿಕೊಳ್ಳುತ್ತ ಮುಂದುವರಿಯುವುದರಿಂದ, ಅರುವತ್ತರಿಂದ ಅರುವತ್ತೈದು ಡಿಗ್ರಿಯ ಒಂದೇ ಉಷ್ಣತೆ ಸಾಕು. ನಾಲ್ಕು ಪ್ರೈಮರ್‌ಗಳು, ಅಂದರೆ ಗುರಿಗೆ ಹೋಗಿ ಅಂಟುವ ಡಿ.ಎನ್.ಎ.ಯ ಪುಟ್ಟ ತುಣುಕುಗಳು, ಗುರಿಯ ಆರು ತಾಣಗಳನ್ನು ಗುರುತಿಸಬೇಕಾದ್ದರಿಂದ ಪತ್ತೆ ಖಚಿತವಾಗಿರುತ್ತದೆ. ಒಂದು ಗಂಟೆಯೊಳಗೆ ನೂರು ಕೋಟಿ ಪ್ರತಿಗಳಾಗುತ್ತವೆ ಎಂಬುದು ಅದರ ಹೆಗ್ಗಳಿಕೆ. ಇದೇ ಹೆಗ್ಗಳಿಕೆ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು. ಪೈಪರ್ ಯೆಲ್ಲೋ ಮಾಟಲ್ ಡಿ.ಎನ್.ಎ. ವೈರಸ್ ಆಗಿರುವುದರಿಂದ ನೇರವಾಗಿ ಹುಡುಕಬಹುದು. ಕುಕುಂಬರ್ ಮೊಸಾಯಿಕ್‌ನದು ಆರ್.ಎನ್.ಎ., ಅದನ್ನು ಮೊದಲು ಡಿ.ಎನ್.ಎ.ಗೆ ತಿರುಗಿಸುವ ಇನ್ನೊಂದು ಕಿಣ್ವ ಬೇಕು. ನಾನು ಮೊದಲನೆಯದರಿಂದಲೇ ಶುರು ಮಾಡಿದೆ.

ಮೆಣಸಿನ ಎಲೆಯನ್ನು ಅರೆದವರಿಗೆ ಗೊತ್ತಿರುತ್ತದೆ, ಅದು ಅಂಟು ಬಿಡುತ್ತದೆ ಮತ್ತು ಕ್ಷಣದಲ್ಲಿ ಕಂದಾಗುತ್ತದೆ. ಆ ಅಂಟೂ ಆ ಕಂದು ಬಣ್ಣದ ಫಿನಾಲ್‌ಗಳೂ ಕಿಣ್ವದ ಕೈ ಕಟ್ಟಿಹಾಕುತ್ತವೆ. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಎಲೆಯ ಚೂರನ್ನು ಅರೆದು, ಒಂದು ಹನಿಯನ್ನು ಟ್ರಿಸ್ ದ್ರಾವಣದಲ್ಲಿ ತೆಳುಮಾಡುವ ಸುಲಭ ವಿಧಾನವನ್ನು ಮೊದಲು ಹಿಡಿದೆ. ಎಳೆಯ ಎಲೆಗೆ ಅದು ಸರಿಹೋಯಿತು, ಬಲಿತ ಎಲೆಗೆ ಕೈಕೊಟ್ಟಿತು. ಕೊನೆಗೆ ಅರೆಯುವ ದ್ರಾವಣಕ್ಕೆ ಪಿ.ವಿ.ಪಿ. ಎಂಬ ರಾಸಾಯನಿಕ ಸೇರಿಸಿ ಫಿನಾಲ್‌ಗಳನ್ನು ಹಿಡಿದಿಟ್ಟೆ. ಜೊತೆಗೆ ಪ್ರತಿ ಮಾದರಿಗೂ ಮೆಣಸಿನದೇ ಆದ ಒಂದು ಜೀನನ್ನು ಹುಡುಕುವ ಎರಡನೆಯ ಕೊಳವೆಯನ್ನು ಇಟ್ಟೆ. ಹುಡುಕಿದ್ದು ಸಿಕ್ಕರೆ ಕೊಳವೆಯ ಬಣ್ಣ ಬದಲಾಗುತ್ತದೆ. ಈ ಎರಡನೆಯದು ಬಣ್ಣ ಬದಲಿಸದಿದ್ದರೆ ಆ ಮಾದರಿಯಲ್ಲಿ ಡಿ.ಎನ್.ಎ.ಯೇ ಸರಿಯಾಗಿ ಬಂದಿಲ್ಲ ಎಂದರ್ಥ, ಆಗ ‘ವೈರಸ್ ಇಲ್ಲ’ ಎಂಬ ಫಲಿತಾಂಶಕ್ಕೆ ಬೆಲೆಯಿಲ್ಲ. ಖರ್ಚು ಇಮ್ಮಡಿಯಾದರೂ ಈ ಕೊಳವೆಯನ್ನು ಕೈಬಿಡಬಾರದು ಎಂಬುದು ನನ್ನ ಹಟ. ಎಲೆ ಕೀಳುವುದರಲ್ಲೂ ಅವಸರ ಸಲ್ಲದು. ಒಂದೇ ಬಳ್ಳಿಯಲ್ಲಿ ವೈರಸ್ ಎಲ್ಲೆಡೆ ಸಮನಾಗಿರುವುದಿಲ್ಲವಾದ್ದರಿಂದ ಬುಡದಿಂದ ಏಣಿ ಎಟಕುವವರೆಗೆ ಐದು ಎಡೆಗಳಲ್ಲಿ ಐದು ಎಲೆ ಕೀಳುತ್ತೇನೆ.

ಇನ್ನು ಆ ಪೇಚಿನ ವಿಷಯ. ಫಲಿತಾಂಶ ನೋಡಲು ಆರಂಭದಲ್ಲಿ ಸೈಬರ್ ಗ್ರೀನ್ ಬಣ್ಣ ಬಳಸುತ್ತಿದ್ದೆ. ಅದು ಕಿಣ್ವಕ್ಕೆ ಅಡ್ಡಿ ಮಾಡುತ್ತದೆಂದು ಕ್ರಿಯೆ ಮುಗಿದ ಮೇಲೆ ಕೊಳವೆಯ ಮುಚ್ಚಳ ತೆಗೆದು ಹಾಕಬೇಕು. ಕಿತ್ತಳೆ ಬಣ್ಣ ಉಳಿದರೆ ವೈರಸ್ ಇಲ್ಲ, ಹಸಿರಾದರೆ ಇದೆ. ಮೂರನೆಯ ವಾರದ ಒಂದು ಸಂಜೆ ಎಂಟು ಕೊಳವೆಗಳ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಂಟೂ ಹಸಿರು. ಕೊನೆಯ ಕೊಳವೆಯಲ್ಲಿ ಎಲೆಯೇ ಇರಲಿಲ್ಲ, ಬರೀ ಶುದ್ಧ ನೀರಿತ್ತು. ಹೊಸ ನೀರು ಹಾಕಿ ಮತ್ತೆ ಮಾಡಿದೆ, ಮತ್ತೂ ಹಸಿರು. ಮುಚ್ಚಳ ತೆಗೆದಾಗಲೆಲ್ಲ ಕಣ್ಣಿಗೆ ಕಾಣದ ತುಂತುರು ಹಾರಿ, ಆ ನೂರು ಕೋಟಿ ಪ್ರತಿಗಳಲ್ಲಿ ಒಂದಿಷ್ಟು ಮೇಜಿನ ಮೇಲೆ, ಪಿಪೆಟ್ಟಿನೊಳಗೆ, ನನ್ನ ಅಂಗಿಯ ತೋಳಿನ ಮೇಲೆ ಕುಳಿತಿದ್ದವು. ವೈರಸ್ ಇದ್ದದ್ದು ನನ್ನ ಕೋಣೆಯಲ್ಲಿ. ಬೆಂಗಳೂರಿನಲ್ಲಿ ಹೊಸಬರಿಗೆ ನಾನೇ ಹೇಳಿಕೊಟ್ಟ ಪಾಠವಿದು. ಮನೆಯ ಹಿಂದಿನ ಸೌದೆ ಕೊಟ್ಟಿಗೆಯನ್ನು ಪ್ರಯೋಗಾಲಯ ಮಾಡಿಕೊಂಡ ಸಂಭ್ರಮದಲ್ಲಿ ಮರೆತಿದ್ದೆ.

ತೆರೆದಿದ್ದ ರಾಸಾಯನಿಕವನ್ನೆಲ್ಲ ಚೆಲ್ಲಿ, ಮೇಜನ್ನು ಬ್ಲೀಚ್‌ನಿಂದ ಒರೆಸಿ, ಕೆಲಸವನ್ನು ಎರಡು ಕೋಣೆಗಳಿಗೆ ಹಂಚಿದೆ. ಮಿಶ್ರಣ ತಯಾರಿಸುವುದು ಮನೆಯ ಮುಂದಿನ ಕೋಣೆಯಲ್ಲಿ, ಬಿಸಿ ಮಾಡುವುದು ಹಿಂದಿನ ಕೊಟ್ಟಿಗೆಯಲ್ಲಿ. ಹಿಂದೆ ಹೋದವರು ಅಂಗಿ ಬದಲಿಸದೆ ಮುಂದೆ ಬರುವಂತಿಲ್ಲ. ಸೈಬರ್ ಗ್ರೀನ್ ಬಿಟ್ಟು ಹೈಡ್ರಾಕ್ಸಿ ನ್ಯಾಫ್ತಾಲ್ ಬ್ಲೂ ಹಿಡಿದೆ. ಇದನ್ನು ಮೊದಲೇ ಮಿಶ್ರಣಕ್ಕೆ ಸೇರಿಸಬಹುದು. ಡಿ.ಎನ್.ಎ. ಬೆಳೆಯುವಾಗ ಹೊರಬೀಳುವ ಪೈರೋಫಾಸ್ಫೇಟ್ ದ್ರಾವಣದ ಮೆಗ್ನೀಸಿಯಂ ಅನ್ನು ಸೆಳೆದುಕೊಳ್ಳುವುದರಿಂದ ನೇರಳೆ ಬಣ್ಣ ಆಕಾಶನೀಲಿಗೆ ತಿರುಗುತ್ತದೆ, ಮುಚ್ಚಳ ತೆಗೆಯುವ ಮಾತೇ ಇಲ್ಲ. ಜುಲೈಯ ಮೋಡದ ಬೆಳಕಿನಲ್ಲಿ ಈ ನೇರಳೆ ಮತ್ತು ನೀಲಿಯ ನಡುವಿನ ವ್ಯತ್ಯಾಸ ಮೋಸ ಮಾಡುತ್ತದೆ. ಬಿಳಿ ಕಾಗದದ ಮೇಲೆ, ಬಿಳಿ ಎಲ್.ಇ.ಡಿ. ದೀಪದ ಕೆಳಗೆ, ಫಲಿತಾಂಶ ಖಚಿತವಾಗಿ ಗೊತ್ತಿರುವ ಎರಡು ಕೊಳವೆಗಳ ಪಕ್ಕದಲ್ಲಿಟ್ಟೇ ನೋಡಬೇಕು.

ತಾಯಿಬಳ್ಳಿಗಳು ಅರುವತ್ತನಾಲ್ಕಿದ್ದವು. ಒಂದೊಂದನ್ನೇ ಪರೀಕ್ಷಿಸುವ ಬದಲು ಎಂಟೆಂಟು ಬಳ್ಳಿಗಳ ಎಲೆಯನ್ನು ಕೂಡಿಸಿ ಎಂಟು ಗುಂಪು ಮಾಡಿದೆ. ಸೈನಿಕರ ರಕ್ತಪರೀಕ್ಷೆಗೆಂದು ರಾಬರ್ಟ್ ಡಾರ್ಫ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1943ರಲ್ಲಿ ಬರೆದ ಉಪಾಯವಿದು. ಸೋಂಕಿರುವ ಒಂದು ಎಲೆಗೆ ಸೋಂಕಿಲ್ಲದ ಏಳನ್ನು ಬೆರೆಸಿಯೂ ನೀಲಿ ಬರುತ್ತದೆಯೇ ಎಂದು ಮೊದಲೇ ನೋಡಿಕೊಂಡಿದ್ದೆ. ಮೂರು ಗುಂಪು ನೀಲಿಯಾದವು. ಆ ಇಪ್ಪತ್ತನಾಲ್ಕು ಬಳ್ಳಿಗಳನ್ನು ಬಿಡಿಬಿಡಿಯಾಗಿ ನೋಡಿದಾಗ ನಾಲ್ಕರಲ್ಲಿ ವೈರಸ್ ಸಿಕ್ಕಿತು. ಒಟ್ಟು ಮೂವತ್ತೆರಡು ಪರೀಕ್ಷೆ, ಅಂದರೆ ಅರ್ಧ ಖರ್ಚು ಉಳಿಯಿತು. ಕೆಲವು ಬೆಳೆಗಳಲ್ಲಿ, ಬಾಳೆಯಲ್ಲಿ ಇದು ಸಾಬೀತಾದ ಸಂಗತಿ, ಇದೇ ಕುಲದ ವೈರಸ್ಸಿನ ತುಣುಕುಗಳು ಗಿಡದ ಜೀನೋಮಿನೊಳಗೇ ಸೇರಿಹೋಗಿರುತ್ತವೆ. ಆಗ ರೋಗವಿಲ್ಲದ ಗಿಡವೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಆ ಕಾರಣಕ್ಕೆ ನಾಲ್ಕರ ಎಲೆಗಳನ್ನೂ ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿ ದೃಢಪಡಿಸಿಕೊಂಡೆ.

ನಾಲ್ಕರಲ್ಲೊಂದು ನಲವತ್ತೊಂದನೆಯ ಮರದ ಬಳ್ಳಿ. ಅದು ಚಿಕ್ಕಪ್ಪನ ಪನ್ನಿಯೂರು ತಳಿಯ ಮೆಣಸು. ಉದ್ದ ತೆನೆ, ದಪ್ಪ ಕಾಳು, ಬಂದವರಿಗೆಲ್ಲ ತೋರಿಸುವ ಬಳ್ಳಿ. ಎಲೆಯಲ್ಲಿ ಒಂದು ಮಚ್ಚೆಯಿಲ್ಲ. ಅವರು ಪರೀಕ್ಷೆಯನ್ನು ನಂಬಲಿಲ್ಲ. ಮೂರು ಬಾರಿ, ಅವರೇ ಕಿತ್ತುಕೊಟ್ಟ ಎಲೆಯಿಂದ ಮಾಡಿ ತೋರಿಸಿದ ಮೇಲೆ ಸುಮ್ಮನಾದರು. ವಿಶೇಷವೆಂದರೆ ಮುಂದಿನ ಹುಡುಕಾಟಕ್ಕೆ ನೆರವಾದದ್ದೂ ಅವರೇ. ಯಾವ ಮರದ ಹಬ್ಬುಬಳ್ಳಿ ಯಾವ ಸಾಲಿನ ಚೀಲಕ್ಕೆ ಹೋಯಿತು, ಯಾವ ನಂಟರಿಗೆ ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ಅವರು ಕಾಫಿ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುವ ಅಭ್ಯಾಸದವರು. ಕೊಟ್ಟದ್ದನ್ನು ಮರೆಯಬಾರದು ಎಂಬ ಲೆಕ್ಕಾಚಾರವಷ್ಟೇ ಅದು. ಆ ಪುಟಗಳ ಪ್ರಕಾರ ಸುರುಟಿದ ಸಾಲುಗಳಲ್ಲಿ ಹೆಚ್ಚಿನವು ನಲವತ್ತೊಂದರ ಮಕ್ಕಳು, ಮತ್ತು ಎರಡು ವರ್ಷ ಹಿಂದೆ ಅದೇ ಬಳ್ಳಿಯ ತುಂಡುಗಳು ನಾಪೋಕ್ಲು ಕಡೆಯ ಎರಡು ಮನೆಗಳಿಗೆ ಹೋಗಿದ್ದವು.

ಎರಡೂ ಮನೆಗಳಿಗೆ ಹೋಗಿ ವಿಷಯ ತಿಳಿಸುವುದು ಪರೀಕ್ಷೆಗಿಂತ ಕಷ್ಟದ ಕೆಲಸವಾಗಿತ್ತು. ಮೊದಲನೆಯ ಮನೆಯಲ್ಲಿ ನಾವು ಕೊಟ್ಟ ಬಳ್ಳಿಗಳನ್ನು ಒಂದೇ ಸಾಲಿನಲ್ಲಿ ನೆಟ್ಟಿದ್ದರು, ಪರೀಕ್ಷೆ ಅಷ್ಟಕ್ಕೇ ಮುಗಿಯಿತು. ಎರಡನೆಯ ಮನೆಯಲ್ಲಿ ನಮ್ಮ ಬಳ್ಳಿಗಳ ನಡುವೆ ಹೊರಗಿನ ನರ್ಸರಿಯೊಂದರಿಂದ ತಂದ ಸಸಿಗಳೂ ಇದ್ದವು. ಅವುಗಳಲ್ಲೂ ವೈರಸ್ ಸಿಕ್ಕಿತು. ಆ ಸಸಿಗಳ ತಾಯಿಬಳ್ಳಿ ಯಾವುದು ಎಂದು ನರ್ಸರಿಗೆ ಫೋನು ಮಾಡಿದರೆ, ‘ಒಳ್ಳೆಯ ಬಳ್ಳಿಯದೇ’ ಎಂಬ ಉತ್ತರ ಬಂತು. ಚೀಲದ ಮೇಲೆ ಜಾತಿಯ ಹೆಸರಿನ ಹೊರತು ಏನೂ ಇರಲಿಲ್ಲ. ನಮ್ಮ ಬಳ್ಳಿಯ ಮತ್ತು ಆ ಸಸಿಗಳ ವೈರಸ್ಸಿನ ಡಿ.ಎನ್.ಎ. ಅಕ್ಷರಗಳನ್ನು ಓದಿಸಿ ಹೋಲಿಸಿಯೂ ನೋಡಿದೆ. ಓದಿಸಿದ ಭಾಗದಲ್ಲಿ ಅವು ಹೆಚ್ಚುಕಡಿಮೆ ಒಂದೇ ಇದ್ದವು. ಆದರೆ ಅಷ್ಟರಿಂದ ಯಾರಿಂದ ಯಾರಿಗೆ ಹೋಯಿತು ಎಂದು ಹೇಳಲು ಬರುವುದಿಲ್ಲ. ಸುತ್ತಲಿನ ತೋಟಗಳಲ್ಲೆಲ್ಲ ಅದೇ ಬಗೆ ಇರಬಹುದು. ನಮ್ಮ ಬಳ್ಳಿಯ ಜಾಡು ಸಿಕ್ಕಿದ್ದು ನೋಟ್‌ಬುಕ್ಕಿನಿಂದ, ಆ ಸಸಿಗಳ ಜಾಡು ನಿಂತುಹೋದದ್ದು ಚೀಟಿಯಿಲ್ಲದ ಚೀಲದಲ್ಲಿ.

ಈಗ ಪ್ರತಿ ಜನವರಿಯಲ್ಲಿ, ಹಬ್ಬುಬಳ್ಳಿ ಕತ್ತರಿಸುವ ಮೊದಲೇ, ತಾಯಿಬಳ್ಳಿಗಳ ಪರೀಕ್ಷೆ ಮುಗಿಸುತ್ತೇನೆ. ಮರದ ಕಾಂಡಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆದಿದ್ದೇನೆ, ಪ್ರತಿ ಚೀಲಕ್ಕೂ ಅದೇ ಸಂಖ್ಯೆಯ ಅಲ್ಯೂಮಿನಿಯಂ ಚೀಟಿ ಕಟ್ಟುತ್ತೇನೆ. ಬಳ್ಳಿ ಕತ್ತರಿಸುವ ಕತ್ತಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಒರೆಸಿಕೊಳ್ಳುವ ಅಭ್ಯಾಸ ಕೆಲಸದವರಿಗೂ ಬಂದಿದೆ. ಕುಕುಂಬರ್ ಮೊಸಾಯಿಕ್‌ನ ಪರೀಕ್ಷೆಯನ್ನು ಕಳೆದ ವರ್ಷ ಸೇರಿಸಿಕೊಂಡೆ. ಅದರ ಕಿಣ್ವ ಫ್ರೀಜರಿನಲ್ಲೇ ಇರಬೇಕಾದ್ದರಿಂದ ವಿದ್ಯುತ್ ಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ಸೋಂಕಿದ್ದ ಉಳಿದ ಮೂರು ಬಳ್ಳಿಗಳನ್ನು ಬುಡಸಮೇತ ಕಿತ್ತು ಸುಟ್ಟೆವು. ನಲವತ್ತೊಂದನ್ನು ಕೀಳಲು ಚಿಕ್ಕಪ್ಪ ಬಿಡಲಿಲ್ಲ. ಈ ವೈರಸ್ ಮನುಷ್ಯರಿಗೆ ಏನೂ ಮಾಡದ ಕಾರಣ ಅದರ ಮೆಣಸನ್ನು ಇಂದಿಗೂ ಕೊಯ್ಯುತ್ತೇವೆ. ಬುಡದ ಹಿಟ್ಟು ತಿಗಣೆಯನ್ನು ನಾನು ತಿಂಗಳಿಗೊಮ್ಮೆ ನೋಡುತ್ತೇನೆ. ಅದರ ಹಬ್ಬುಬಳ್ಳಿ ನೆಲಕ್ಕೆ ತಾಗುವ ಮೊದಲೇ ಚಿಕ್ಕಪ್ಪ ತಾವೇ ಕತ್ತರಿಸಿ ಒಲೆಗೆ ಹಾಕಿ, ನೋಟ್‌ಬುಕ್ಕಿನ ಹಿಂಬದಿಯಲ್ಲಿ ಆ ದಿನಾಂಕವನ್ನೂ ಬರೆದಿಡುತ್ತಾರೆ.