ಹನ್ನೊಂದನೆಯ ವಚನಕ್ಕೆ ಮೊದಲಿನ ಹತ್ತು

ಅಮ್ಮನಿಗೆ ಡಯಾಲಿಸಿಸ್ ಶುರುವಾದಾಗ ನನ್ನ ವಾಟ್ಸಾಪ್ ತುಂಬಾ ಒಂದೇ ವಚನ. ಬೈಬಲಿನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಒಳ್ಳೆಯವೇ, ಕೆಟ್ಟವಲ್ಲ ಎಂದು ದೇವರು ಹೇಳುವ ಮಾತು. ಹಿಂದೆ ಸೂರ್ಯೋದಯ, ಮೂಲೆಯಲ್ಲಿ ಗುಲಾಬಿ. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದು. ಆದರೆ ನನ್ನ ಮನಸ್ಸಿಗೆ ಅದು ತಟ್ಟಲೇ ಇಲ್ಲ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಕಿಡ್ನಿ ಕಸಿ ಮಾಡುವ ಸ್ಥಿತಿಯಲ್ಲಿ ಅವರಿಲ್ಲ, ಹಾಗಾಗಿ ಇದು ಕಡೇತನಕ ಅಂತ ಡಾಕ್ಟರು ಹೇಳಿದ್ದರು. ನನ್ನ ಆಫೀಸು, ಮಗಳ ಎಸ್ಸೆಸ್ಸೆಲ್ಸಿ, ಮನೆಸಾಲ ಎಲ್ಲ ಒಟ್ಟಿಗೆ ತಲೆ ಮೇಲೆ ಬಂದು ಕೂತಿದ್ದವು.

ಆ ನಾಲ್ಕು ಗಂಟೆ ಕಾಯುವಾಗಲೇ 29ನೆಯ ಅಧ್ಯಾಯವನ್ನು ಮೊದಲಿಂದ ಓದಿದೆ. ಅದೊಂದು ಕಾಗದ. ಯೆರೂಸಲೇಮಿನಲ್ಲಿದ್ದ ಪ್ರವಾದಿ ಯೆರೆಮೀಯ, ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರ ತನ್ನ ಊರಿಗೆ ಸೆರೆ ಒಯ್ದವರಿಗೆ ಬರೆದದ್ದು. ಅದರಲ್ಲಿ ಮೊದಲು ಬರುವುದು ಸಮಾಧಾನ ಅಲ್ಲ, ಕೆಲಸ. ಮನೆ ಕಟ್ಟಿ ವಾಸಮಾಡಿ. ತೋಟ ಮಾಡಿ, ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿಸಿ. ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಹತ್ತನೆಯ ವಚನದಲ್ಲಿ, 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸು ಕರೆತರುತ್ತೇನೆ ಎಂಬ ಮಾತು. ಅದು ಮುಗಿದ ಮೇಲೆಯೇ ಹನ್ನೊಂದು.

70 ವರ್ಷ! ಆ ಕಾಗದವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರಿಗೆ ಊರಿನ ಮುಖ ನೋಡುವ ಆಸೆಯೇ ಉಳಿದಿರಲಿಕ್ಕಿಲ್ಲ. ಅಂದರೆ ಈ ವಚನ ಅಮ್ಮ ಗುಣವಾಗುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಅಲ್ಲ. ಹಾಗೆ ಯಾರಾದರೂ ಹೇಳಿದರೆ ಈಗಲೂ ಒಪ್ಪುವುದಿಲ್ಲ. ಆದರೆ ಇದು ಗೊತ್ತಾದ ಮೇಲೆಯೇ ನನಗೆ ಉಸಿರು ಬಂದದ್ದು. ಯಾವಾಗ ಮುಗಿಯುತ್ತದೆ ಅಂತ ದಿನ ಎಣಿಸುವುದು ಬಿಡು, ಇಲ್ಲೇ ಸಂಸಾರ ಹೂಡು ಎಂದ ಹಾಗಾಯಿತು.

ಸರಿ, ಹೂಡಿದೆವು. ಆಫೀಸಿನಲ್ಲಿ ಮಾತಾಡಿ ಮೂರು ದಿನದ ಸಮಯ ಬದಲಿಸಿಕೊಂಡೆ. ತಿಂಗಳ ಲೆಕ್ಕದಲ್ಲಿ ಒಂದು ಆಟೋ ಗೊತ್ತು ಮಾಡಿದೆವು. ತರಕಾರಿ ಸಣ್ಣಗೆ ಹೆಚ್ಚಿ ನೀರಲ್ಲಿ ನೆನೆಹಾಕಿ, ಬೇಯಿಸಿ, ಆ ನೀರು ಚೆಲ್ಲುವುದು ಅಡುಗೆಮನೆಯ ರೂಢಿಯಾಯಿತು. ಕೆಟ್ಟ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಜಾಸ್ತಿ ಅಂತ ಎಳನೀರೂ ಬಂದ್. ಮಂಗಳೂರಿನ ಸೆಕೆಯಲ್ಲಿ ಎಳನೀರು ಬೇಡ ಅನ್ನುವುದು ಸಣ್ಣ ಶಿಕ್ಷೆಯಲ್ಲ! ಅಮ್ಮ ದಿನಕ್ಕೆ ಕುಡಿಯಬಹುದಾದಷ್ಟೇ ನೀರನ್ನು ಬೆಳಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಸಿಡುತ್ತೇವೆ. ಚಾ ಕುಡಿದರೆ, ಗಂಜಿ ಉಂಡರೆ ಬಾಟಲಿಯಿಂದ ಅಷ್ಟು ನೀರು ಕಮ್ಮಿ. ತೋಟದ ಮಾತು ಓದಿದಾಗ ಅಮ್ಮ, "ಬರೆದದ್ದು ಉಂಟಲ್ಲ ಮಾರಾಯ್ತಿ, ಹಾಕು ಮತ್ತೆ" ಎಂದರು. ಟೆರೇಸಿನಲ್ಲಿ ಈಗ ಎರಡು ಕುಂಡ ಮಲ್ಲಿಗೆ ಉಂಟು. ನೀರು ಹಾಕುವ ಕೆಲಸ ಮಗಳದ್ದು, ಬೈಯುವ ಕೆಲಸ ಅಮ್ಮನದ್ದು.

ಕಷ್ಟವಾದದ್ದು ನೆಂಟರ ವಿಷಯ. ಎರಡೇ ತಿಂಗಳು ಈ ಕಷಾಯ ಕುಡಿದರೆ ಡಯಾಲಿಸಿಸೇ ಬೇಡ ಎನ್ನುವವರು. ನಂಬಿಕೆ ಇದ್ದರೆ ಮೆಷಿನ್ ಯಾಕೆ ಅಂತ ಕೇಳುವವರು. ಇದಕ್ಕೆ ಉತ್ತರ ಹಿಂದಿನ ಅಧ್ಯಾಯದಲ್ಲಿ ಸಿಕ್ಕಿತು. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು, ಎರಡೇ ವರ್ಷದಲ್ಲಿ ಸೆರೆಯವರು ವಾಪಸು ಬರುತ್ತಾರೆ ಎನ್ನುತ್ತಾನೆ. ಯೆರೆಮೀಯ ಅವನ ಮೇಲೆ ರೇಗುವುದಿಲ್ಲ. "ಆಮೆನ್, ದೇವರು ಹಾಗೇ ಮಾಡಲಿ" ಎನ್ನುತ್ತಾನೆ! ಅವನಿಗೂ ಅದೇ ಆಸೆ ಇತ್ತು, ಅಲ್ವಾ? ಆದರೂ ತನ್ನ ಮಾತು ಬದಲಿಸಲಿಲ್ಲ. ಬಾಬೆಲಿನ ಆಳ್ವಿಕೆಯ ಗುರುತಾಗಿ ಅವನು ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯ ಮುರಿದಾಗಲೂ ಸುಮ್ನೆ ಎದ್ದು ಹೋದ. ನಾನೂ ಹಾಗೇ ಮಾಡುತ್ತೇನೆ. ಅಮ್ಮ ಪೂರ್ತಿ ಗುಣವಾಗಲಿ ಎಂದು ಯಾರು ಪ್ರಾರ್ಥಿಸಿದರೂ ಮನಸಾರೆ ಆಮೆನ್ ಹೇಳುತ್ತೇನೆ. ಸೋಮವಾರ ಬೆಳಗ್ಗೆ ಆಟೋ ಬರುತ್ತದೆ.

ಎಲ್ಲ ದಿನವೂ ಇಷ್ಟು ಗಟ್ಟಿಯಾಗಿರುತ್ತೇನೆ ಅಂತಲ್ಲ. ಬಿಪಿ ಇಳಿದು ಅಮ್ಮ ಬೆವತು ಬಿದ್ದ ದಿನ ಬೈಬಲಿನ 88ನೆಯ ಕೀರ್ತನೆ ಓದಿದೆ. ಅದು ಕತ್ತಲಲ್ಲೇ ಮುಗಿಯುತ್ತದೆ. ಆ ದಿನಕ್ಕೆ ಅದೇ ಸರಿ ಇತ್ತು.

ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಉಂಟು ಎಂಬ ಮಾತನ್ನು ಅಮ್ಮ ನೇರವಾಗಿ ಡಯಾಲಿಸಿಸ್ ವಾರ್ಡಿಗೆ ಅನ್ವಯಿಸಿದ್ದಾರೆ. ಒಬ್ಬರ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಆ ನೀರನ್ನು ಶುದ್ಧ ಮಾಡುವ ಆರ್‌ಒ ಘಟಕ ಕೆಟ್ಟರೆ ಎಲ್ಲರ ಸರದಿಯೂ ತಪ್ಪುತ್ತದೆ. ಹಾಗಾಗಿ ಮನೆಯ ಸಂಜೆ ಪ್ರಾರ್ಥನೆಯಲ್ಲಿ ನಮ್ಮ ಹೆಸರುಗಳ ಜೊತೆ ಸೂಜಿ ಚುಚ್ಚುವ ಹುಡುಗಿ, ಪಕ್ಕದ ಬೆಡ್ಡಿನ ಬ್ಯಾರಿ ಅಜ್ಜ, ಕರೆಂಟು, ಆರ್‌ಒ ಎಲ್ಲ ಬರುತ್ತವೆ. ಮಗಳು ಮೊದಮೊದಲು ನಗುತ್ತಿದ್ದಳು. ಈಗ ಅಮ್ಮ ಆರ್‌ಒ ಮರೆತರೆ ಅವಳೇ ನೆನಪು ಮಾಡುತ್ತಾಳೆ.