ಪೀನಟ್ ಬಟರಾ, ಆಲ್ಮಂಡ್ ಬಟರಾ? ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಮಕ್ಕಳ ಡಬ್ಬಿಯ ಮಾರ್ಗದರ್ಶಿ

ಬಾಡಿಗೆ ಮನೆ, ಕಾರು, ಲೈಸೆನ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಮಕ್ಕಳ ಡಬ್ಬಿಯ ಬಗ್ಗೆ ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ಊಟಕ್ಕೆ ಸಿಗುವುದು ಇಪ್ಪತ್ತು ನಿಮಿಷ ಇದ್ದರೆ ಹೆಚ್ಚು. ಬಿಸಿ ಮಾಡಿಕೊಡುವವರು ಇರುವುದಿಲ್ಲ. ಅನ್ನ ಸಾರು ಕಳಿಸಿದರೆ ಹಾಗೇ ವಾಪಸ್ ಬರುತ್ತದೆ. ಹಾಗಾಗಿ ಸ್ವಲ್ಪ ದಿನದಲ್ಲೇ ಎಲ್ಲರ ಮನೆಗೂ ಪೀನಟ್ ಬಟರ್, ಅಂದರೆ ನುಣ್ಣಗೆ ಅರೆದ ಕಡ್ಲೆಬೀಜ, ಬರುತ್ತದೆ. ಆಮೇಲೆ "ಬಾದಾಮಿಯ ಆಲ್ಮಂಡ್ ಬಟರ್ ಇನ್ನೂ ಒಳ್ಳೇದಂತೆ" ಎಂಬ ಮಾತು ಶುರುವಾಗುತ್ತದೆ.

ಮೊದಲು ಶಾಲೆಯ ನಿಯಮ ಓದಿ

ಇದನ್ನು ಓದದೆ ಅಂಗಡಿಗೆ ಹೋಗಬೇಡಿ. ದೇಶಕ್ಕೆಲ್ಲ ಒಂದೇ ನಿಯಮ ಎಂಬುದು ಇಲ್ಲಿ ಇಲ್ಲ. ಒಂದು ಶಾಲೆಯಲ್ಲಿ ಕಡ್ಲೆಬೀಜ ಪೂರ್ತಿ ಬಂದ್. ಇನ್ನೊಂದರಲ್ಲಿ ಒಂದು ತರಗತಿಯಲ್ಲಿ ಮಾತ್ರ. ಮತ್ತೊಂದರಲ್ಲಿ ಅಲರ್ಜಿ ಇರುವ ಮಕ್ಕಳಿಗೆ ಬೇರೆ ಮೇಜು. ಶಾಲೆ ಶುರುವಾಗುವಾಗ ಕಳಿಸುವ ಕಾಗದದ ಕಟ್ಟಿನಲ್ಲಿ ಇದೂ ಇರುತ್ತದೆ. ನಾವು ಸಹಿ ಹಾಕಿ ಕಳಿಸಿಬಿಡುತ್ತೇವೆ, ಓದುವುದಿಲ್ಲ!

ಅದರಲ್ಲಿ 'ಪೀನಟ್ ಫ್ರೀ' ಎಂದಿದೆಯೋ 'ನಟ್ ಫ್ರೀ' ಎಂದಿದೆಯೋ ನೋಡಿ. ಕಡ್ಲೆಬೀಜ ನಮ್ಮ ತೊಗರಿ, ಅವರೆಯ ಕುಟುಂಬದ್ದು. ಬಾದಾಮಿ ಮರದ ಮೇಲೆ ಬಿಡುವುದು, ಪೀಚ್ ಹಣ್ಣಿನ ನೆಂಟ. ಅಮೆರಿಕದ ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ಅಲರ್ಜಿ. ಪೀನಟ್ ಫ್ರೀ ಎಂದು ಮಾತ್ರ ಇದ್ದರೆ ಆಲ್ಮಂಡ್ ಬಟರಿಗೆ ಒಪ್ಪಬಹುದು, ಟೀಚರನ್ನು ಕೇಳಿ. ನಟ್ ಫ್ರೀ ಎಂದಿದ್ದರೆ ಎರಡೂ ಬೇಡ. "ಕಡ್ಲೆಬೀಜ ತಾನೇ ಬೇಡ ಅಂದಿದ್ದು, ಬಾದಾಮಿ ಹಾಕಿದ್ರೆ ಏನು" ಎಂದು ವಾದ ಮಾಡಿದವರು ನಮ್ಮಲ್ಲೇ ಇದ್ದಾರೆ. ದಯವಿಟ್ಟು ಬೇಡ. ಅಂಥ ಶಾಲೆಗೆ ಸೂರ್ಯಕಾಂತಿ ಬೀಜದ ಬಟರ್ ಸಿಗುತ್ತದೆ. ರುಚಿ ಹತ್ತಿರಹತ್ತಿರ ಬರುತ್ತದೆ. ಅದನ್ನು ಹಾಕಿ ಬೇಕಿಂಗ್ ಸೋಡಾದ ಕೇಕ್ ಮಾಡಿದರೆ ಒಳಗೆ ಹಸಿರು ಬಣ್ಣ ಬರಬಹುದು, ಕೆಟ್ಟಿದೆ ಎಂದು ಎಸೆಯಬೇಡಿ.

ಇದು ಇಷ್ಟೊಂದು ಗಲಾಟೆಯ ವಿಷಯವೇ ಎಂದು ನಮಗೂ ಮೊದಲು ಅನ್ನಿಸಿತ್ತು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋಗಿ ಜೇಬು ತುಂಬ ಕಡ್ಲೆಕಾಯಿ ತಿಂದವರು ನಾವು. ಚಳ್ಳಕೆರೆ, ಪಾವಗಡದ ಕಡೆಯವರನ್ನಂತೂ ಕೇಳಲೇಬೇಡಿ. ಆದರೆ ಇಲ್ಲಿ ಒಂದು ಚೂರು ತಗಲಿದರೂ ತುಟಿ ಊದಿ ಉಸಿರು ಕಟ್ಟುವ ಮಕ್ಕಳಿದ್ದಾರೆ. ಅವರ ಬ್ಯಾಗಿನಲ್ಲಿ ಅಂಥ ಹೊತ್ತಿನಲ್ಲಿ ತಕ್ಷಣ ಚುಚ್ಚುವ ಎಪಿನೆಫ್ರಿನ್ ಇಂಜೆಕ್ಷನ್ ಇರುತ್ತದೆ. ಅದು ಹಟವಲ್ಲ, ಮುದ್ದೂ ಅಲ್ಲ.

ಹಾಗಾಗಿ ನಮ್ಮ ಅಡುಗೆಯನ್ನೂ ಇದೇ ಕಣ್ಣಿನಲ್ಲಿ ನೋಡಿ. ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಎಲ್ಲದರಲ್ಲೂ ಕಡ್ಲೆಬೀಜ ಇದೆ. ಸಂಕ್ರಾಂತಿಗೆ ಎಳ್ಳು ಬೀರಲು ಶಾಲೆಗೆ ಪೊಟ್ಟಣ ಕಳಿಸುವ ಆಸೆ ಇದ್ದೇ ಇರುತ್ತದೆ. ಅದರಲ್ಲಿ ಕಡ್ಲೆಬೀಜದ ಜೊತೆ ಎಳ್ಳೂ ಇದೆ. 2023ರ ಜನವರಿಯಿಂದ ಎಳ್ಳು ಇಲ್ಲಿನ ಒಂಬತ್ತನೇ ಪ್ರಮುಖ ಅಲರ್ಜಿ. ನಮ್ಮ ಸಂಘದ ಒಬ್ಬ ಸ್ವಯಂಸೇವಕರ ಮಗಳು ತೆಗೆದುಕೊಂಡು ಹೋದ ಪೊಟ್ಟಣಗಳು ಒಂದೂ ಬಿಚ್ಚದೆ ಸಂಜೆ ವಾಪಸ್ ಬಂದವು, ಮೇಲೆ ಒಂದು ಚೀಟಿ. ಮಗು ಅತ್ತಿತು. ಸಕ್ಕರೆ ಅಚ್ಚು ಕಳಿಸಿ, ಸಾಕು. ಅದಕ್ಕೂ ಮೊದಲೇ ಕೇಳಿ. ತೆಂಗಿನಕಾಯಿಯನ್ನು ಇಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ನಟ್ ಅಲರ್ಜಿ ಪಟ್ಟಿಯಿಂದ ತೆಗೆದಿದೆ. ಶಾಲೆಯ ಕಾಗದ ಹಳೆಯದಾಗಿದ್ದರೆ ಅದರಲ್ಲಿ ಇನ್ನೂ ಇರಬಹುದು.

ಇನ್ನೊಂದು. ಡಬ್ಬಿ ಹಂಚಿಕೊಂಡು ತಿನ್ನು ಎಂದು ನಾವು ಮಕ್ಕಳಿಗೆ ಕಲಿಸಿರುತ್ತೇವೆ. ಇಲ್ಲಿ ಯಾರಿಗೂ ಕೊಡಬೇಡ, ಯಾರದ್ದೂ ತಗೋಬೇಡ ಎಂದು ಹೇಳಿಕೊಡಿ. ಮನಸ್ಸಿಗೆ ಕಷ್ಟ, ಆದರೂ ಹೇಳಿ.

ಯಾವುದು ಒಳ್ಳೆಯದು?

ಬಾದಾಮಿ ಎಂದರೆ ಬುದ್ಧಿ ಎಂದು ಅಜ್ಜಿ ಹೇಳಿದ್ದು ಯಾರ ತಲೆಯಿಂದಲೂ ಹೋಗುವುದಿಲ್ಲ. ಅದೇ ನಂಬಿಕೆಯಲ್ಲಿ ಎರಡು ಮೂರು ಪಟ್ಟು ದುಡ್ಡು ಕೊಟ್ಟು ಆಲ್ಮಂಡ್ ಬಟರ್ ತರುತ್ತೇವೆ. ಡಬ್ಬಿಯ ಹಿಂದೆ ನೋಡಿ. ಎರಡು ಟೇಬಲ್ ಚಮಚಕ್ಕೆ, ಅಂದರೆ 32 ಗ್ರಾಮಿಗೆ, ಎರಡರಲ್ಲೂ ಸುಮಾರು 190 ಕ್ಯಾಲೊರಿ. ಪ್ರೋಟೀನ್ ಎರಡರಲ್ಲೂ 7 ಗ್ರಾಂ ಹತ್ತಿರ. ಬಾದಾಮಿಯಲ್ಲಿ ಕ್ಯಾಲ್ಸಿಯಂ ಸುಮಾರು 110 ಮಿಲಿಗ್ರಾಂ, ಕಡ್ಲೆಬೀಜದ್ದರಲ್ಲಿ ತೀರಾ ಕಡಿಮೆ. ವಿಟಮಿನ್ ಇ, ನಾರು ಕೂಡ ಬಾದಾಮಿಯಲ್ಲೇ ಜಾಸ್ತಿ. ನಯಾಸಿನ್ (ಒಂದು ಬಿ ವಿಟಮಿನ್) ಕಡ್ಲೆಬೀಜದಲ್ಲಿ ಜಾಸ್ತಿ. ಇಷ್ಟೇ ವ್ಯತ್ಯಾಸ. ಮಗು ಹಾಲು, ಮೊಸರು ಚೆನ್ನಾಗಿ ತಗೊಳ್ಳುತ್ತಿದ್ದರೆ ಕ್ಯಾಲ್ಸಿಯಂ ಹೆಸರಿನಲ್ಲಿ ಅಷ್ಟು ಖರ್ಚು ಸುಮ್ನೆ. ಹಾಲು ಒಗ್ಗದ ಮಗುವಾದರೆ ಮಾತು ಬೇರೆ. ಪ್ರಪಂಚದ ಬಾದಾಮಿಯಲ್ಲಿ ಸುಮಾರು ಶೇ. 80 ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲಿ. ಆದರೂ ಇಲ್ಲೇ ಅದು ಅಗ್ಗವಿಲ್ಲ ನೋಡಿ!

ನಮ್ಮ ಅಭಿಪ್ರಾಯ ಕೇಳಿದರೆ, ದಿನಕ್ಕೆ ಪೀನಟ್ ಬಟರ್ ಸಾಕು. ಚಪಾತಿಗೆ ತೆಳ್ಳಗೆ ಸವರಿ, ಬಾಳೆಹಣ್ಣಿನ ಚೂರು ಇಟ್ಟು, ಚೂರು ಬೆಲ್ಲದ ಪುಡಿ ಉದುರಿಸಿ ಸುತ್ತಿ. ಶೇಂಗಾ ಹೋಳಿಗೆ ತಿಂದು ಬೆಳೆದ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಕ್ಕಳು ಇದನ್ನು ಎರಡನೇ ಸಲ ಕೇಳುತ್ತಾರೆ.

ಬಟರ್ ಡಬ್ಬಿ ಕೊಳ್ಳುವಾಗ

- 'ಪೀನಟ್ ಬಟರ್' ಎಂದು ಬರೆಯಬೇಕಾದರೆ ಶೇ. 90 ಕಡ್ಲೆಬೀಜ ಇರಲೇಬೇಕು. 'ಸ್ಪ್ರೆಡ್' ಎಂದಿದ್ದರೆ ಆ ಖಾತ್ರಿ ಇಲ್ಲ.
- ಪದಾರ್ಥಗಳ ಸಾಲು ಓದಿ. ಕಡ್ಲೆಬೀಜ, ಉಪ್ಪು ಇದ್ದರೆ ಸಾಕು.
- ಸಸ್ಯಾಹಾರಿಗಳೇ, ಒಮೇಗಾ-3 ಎಂದಿದ್ದರೆ ಮೀನಿನೆಣ್ಣೆ ಇದೆಯೇ ನೋಡಿ.
- ಮನೆಯಲ್ಲಿ ನಾಯಿ ಇದ್ದರೆ ಜೈಲಿಟಾಲ್ ಎಂಬ ಸಿಹಿಕಾರಕ ಇರುವುದು ಬೇಡ, ಅದು ನಾಯಿಗೆ ವಿಷ.
- ಮೇಲೆ ಎಣ್ಣೆ ತೇಲಿದರೆ ಕೆಟ್ಟಿದೆ ಎಂದಲ್ಲ. ಕಲಸಿ ಫ್ರಿಜ್ಜಿನಲ್ಲಿಡಿ.
- ವಿಮಾನದ ಕೈಚೀಲದಲ್ಲಿ ದೊಡ್ಡ ಡಬ್ಬಿ ಬಿಡುವುದಿಲ್ಲ. 100 ಮಿಲಿಲೀಟರ್ ಮೀರಿದರೆ ಎಸೆಯುತ್ತಾರೆ.

ಮಿಕ್ಸಿಯಲ್ಲಿ ಮಾಡುವವರಿಗೆ

ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿನ ಕರೆಂಟಿಗೆ ಸರಿಯಾಗಿ ತಿರುಗುವುದಿಲ್ಲ. 110 ವೋಲ್ಟಿನದು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಬೀಜ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಬೆಚ್ಚಗಿರುವಾಗಲೇ ಒಣ ಜಾರಿಗೆ ಹಾಕಿ. ಮೊದಲು ಚಟ್ನಿಪುಡಿಯಂತಾಗುತ್ತದೆ, ಆಮೇಲೆ ಉಂಡೆಗಟ್ಟಿ ಗೋಡೆಗೆ ಅಂಟುತ್ತದೆ. ಕೆರೆದು ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಎಣ್ಣೆ ಬಿಟ್ಟಾಗ ತಾನಾಗಿ ಸಡಿಲವಾಗಿ ಹೊಳೆಯುತ್ತದೆ. ನೀರು ಹಾಕಬೇಡಿ. ಬಾದಾಮಿ ಎಣ್ಣೆ ಬಿಡಲು ತುಂಬ ಹೊತ್ತು ಬೇಕು. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ.

ಕೂಸುಗಳಿಗೆ

ಮೂರು ವರ್ಷ ಕಡ್ಲೆಬೀಜ ಕೊಡಬೇಡಿ ಎಂಬುದು ಹಳೆಯ ಮಾತು. ಬೇಗ ರೂಢಿ ಮಾಡಿಸಿದರೆ ಅಲರ್ಜಿ ಕಡಿಮೆ ಎಂದು 2015ರಲ್ಲಿ ಬಂದ ಅಧ್ಯಯನ ತೋರಿಸಿತು. 2017ರಿಂದ ಇಲ್ಲಿನ ಸಲಹೆಯೂ ಅದೇ. ಜೋರು ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವುದು) ಅಥವಾ ಮೊಟ್ಟೆ ಅಲರ್ಜಿ ಇದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. ಚಮಚದ ತುಂಬ ಗಟ್ಟಿ ಬಟರ್ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಿಸಿನೀರಿನಲ್ಲಿ ತೆಳ್ಳಗೆ ಕದಡಿ.

ಸಂಘದ ಊಟಕ್ಕೆ ಅಡುಗೆ ತರುವವರಿಗೆ

ಪಾತ್ರೆಯ ಮೇಲೆ ಕಡ್ಲೆಬೀಜ, ಬಾದಾಮಿ, ಗೋಡಂಬಿ, ಎಳ್ಳು ಏನಿದೆಯೋ ಬರೆದು ಅಂಟಿಸಿ. "ಎಲ್ಲರಿಗೂ ಗೊತ್ತಿರತ್ತಲ್ಲಾ" ಎನ್ನಬೇಡಿ, ಇಲ್ಲೇ ಹುಟ್ಟಿದ ಮಕ್ಕಳಿಗೆ ಗೊತ್ತಿರುವುದಿಲ್ಲ. ಶೇಂಗಾ ಚಟ್ನಿಯ ಚಮಚವನ್ನು ಕಾಯಿ ಚಟ್ನಿಗೆ ಹಾಕಬೇಡಿ. ಚೀಟಿ, ಪೆನ್ನು ಬಡಿಸುವ ಮೇಜಿನ ಪಕ್ಕದಲ್ಲೇ ಇಟ್ಟಿರುತ್ತೇವೆ.