ಸಂತೆಯ ದರವಲ್ಲ, ತಿಂಗಳ ಲೆಕ್ಕ

ಹುನಗುಂದ ತಾಲ್ಲೂಕಿನ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಳೆಯನ್ನೇ ನಂಬಿ ಬೇಸಾಯ ಮಾಡುವ ನಾನು, ಯಾವ ಜಾನುವಾರನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಸಂತೆಯ ದರ ನೋಡಿ ತೀರ್ಮಾನಿಸುವುದಿಲ್ಲ. ಯಾವುದು ಯಾವ ತಿಂಗಳಲ್ಲಿ ಮನೆಗೆ ಆಸರೆಯಾಗುತ್ತದೆ, ಯಾವ ತಿಂಗಳಲ್ಲಿ ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ ಮೇವಿನ, ಬಣವಿಯನ್ನು ಕರಗಿಸುತ್ತದೆ ಎಂಬುದೇ ನನ್ನ ಲೆಕ್ಕ.

ಹೆಚ್ಚು ತಕರಾರು ಏಳುವುದು ಎತ್ತಿನ ವಿಷಯದಲ್ಲಿ. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವಾಗ ವರ್ಷವಿಡೀ ಜೋಡೆತ್ತು ಸಾಕುವುದು ದಂಡವೆಂದು ಮಗ ವಾದಿಸುತ್ತಾನೆ. ಬರಿಯ ಉಳುಮೆಯ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳ ಬಿತ್ತಲು ಹದ ಸಿಗುವುದು ಕೆಲವೇ ದಿನ, ಆಗ ಊರಿಗೆ ಊರೇ ಟ್ರ್ಯಾಕ್ಟರಿಗಾಗಿ ಕಾಯುತ್ತದೆ. ಬಿತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ: ಎರೆ ಬಿರಿದು ತೇವ ಆರಿಹೋಗುವ ಮೊದಲೇ ಸಾಲುಗಳ ನಡುವೆ ಎತ್ತು ಎಳೆಯುವ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡಬೇಕು. ಪಳಗಿದ ಖಿಲಾರಿ ಎತ್ತು ಪೈರು ತುಳಿಯದೆ, ಬಾಯಿಗೆ ಕುಕ್ಕೆ ಕಟ್ಟಿದರೆ ಎಲೆಯನ್ನೂ ಮುಟ್ಟದೆ, ಸಾಲು ಹಿಡಿದು ನಡೆಯುತ್ತದೆ. ಒಂದೇ ಎತ್ತು ಉಳಿದ ವರ್ಷ ನೆರೆಮನೆಯ ಎತ್ತಿನೊಡನೆ ಅದನ್ನು ಜೋಡಿ ಹೂಡಿ, ಸರದಿಯಂತೆ ಇಬ್ಬರ ಹೊಲವನ್ನೂ ಬಿತ್ತಿದ್ದೇವೆ. ಎತ್ತಿನ ಮೇವಿಗೆ ಕಣಿಕೆ ಚೆನ್ನಾಗಿ ಬರುತ್ತದೆಂಬ ಕಾರಣಕ್ಕೇ ಇಂದಿಗೂ ಎಂ 35–1 ತಳಿಯ ಜೋಳವನ್ನು ಬಿಟ್ಟಿಲ್ಲ.

ಎಮ್ಮೆಯ ಹಾಲಿನ ಬಟವಾಡೆ ಮನೆಯವಳ ಕೈಗೆ ಸೇರುತ್ತದೆ, ಕಿರಾಣಿ ಅಂಗಡಿಯ ಬಾಕಿ ತೀರುವುದು ಅದರಿಂದಲೇ. ಹೀಗಾಗಿ ಎಮ್ಮೆ ಮಾರುವ ಮಾತು ಅವಳಿಂದಲೇ ಬರಬೇಕು. ಬೇಸಿಗೆಯಲ್ಲಿ ಅದಕ್ಕೆ ಬೇಕಾಗುವ ನೀರನ್ನು ಹೊರುವವಳೂ ಅವಳೇ ಎಂಬುದನ್ನು ಗಂಡಸರ ಲೆಕ್ಕ ಸಾಮಾನ್ಯವಾಗಿ ಮರೆಯುತ್ತದೆ.

ಆಡಿಗೆ ಬಣವಿಯ ಹಂಗಿಲ್ಲ. ಒಡ್ಡಿನ ಮೇಲಿನ ಗಿಡಗಂಟಿ, ಜಾಲಿಯ ಕಾಯಿ ತಿಂದು, ಐದು ತಿಂಗಳು ಗಬ್ಬವಿದ್ದು, ಅನೇಕ ವೇಳೆ ಅವಳಿ ಮರಿ ಹಾಕುತ್ತದೆ. ಶಾಲೆಯ ಫೀ, ಆಸ್ಪತ್ರೆಯ ಖರ್ಚು ಬಂದಾಗ ಅಮೀನಗಡ ಸಂತೆಗೆ ಒಂದು ಹೋತ ಹೊಡೆದುಕೊಂಡು ಹೋದರಾಯಿತು. ಬಕ್ರೀದ್‌ವರೆಗೆ ತಡೆದರೆ ಬೆಲೆ ಇನ್ನೂ ಏರುತ್ತದೆ.

ಕುರಿ ನನ್ನಲ್ಲಿಲ್ಲ, ಆದರೂ ಅದರ ಬೆಲೆ ನನಗೆ ಗೊತ್ತು. ರಾಶಿಯಾದ ಮೇಲೆ ಕುರುಬರ ಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸಿ, ಜೋಳವನ್ನೋ ಹಣವನ್ನೋ ಕೊಡುತ್ತೇನೆ. ಹಿಂಡಿನ ಸುತ್ತ ಕಟ್ಟುವ ತಡಿಕೆಯ ಬೇಲಿಯನ್ನು ದಿನಕ್ಕೊಂದು ಕಡೆ ಸರಿಸುವುದರಿಂದ ಹಿಕ್ಕೆ, ಗಂಜಲ ಎರಡೂ ಹೊಲಕ್ಕೆಲ್ಲ ಹರಡುತ್ತವೆ, ಗೊಬ್ಬರ ಹೇರುವ ಖರ್ಚಿಲ್ಲ.

ಬರ ಬಂದಾಗ ಮೊದಲು ಹೋತಗಳನ್ನು, ಆಮೇಲೆ ಹಾಲು ಬತ್ತಿದ ಎಮ್ಮೆಯನ್ನು ಮಾರುತ್ತೇವೆ. ಎತ್ತಿನ ಸರದಿ ಕಡೆಗೆ, ಏಕೆಂದರೆ ಮಳೆ ಬಿದ್ದೊಡನೆ ಎಲ್ಲರೂ ಎತ್ತಿಗೆ ಮುಗಿಬೀಳುವುದರಿಂದ ಮಾರಿದ ಬೆಲೆಗೆ ಅಂಥ ಜೋಡಿ ಮರಳಿ ಸಿಗುವುದಿಲ್ಲ.